ಮಡಿಲ ವಿನಾಯಿತಿ

(ಶಾಲೆಯೊಂದರ ಪೋಷಕರ ಸಭೆಯಲ್ಲಿ ಮಕ್ಕಳ ವೈದ್ಯರೊಬ್ಬರು ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಸಣ್ಣ ಕೆಲಸ. ಈ ಮೇಜಿನ ಮೇಲಿರುವುದು ಹತ್ತು ಕಿಲೋ ಅಕ್ಕಿಯ ಚೀಲ. ವರ್ಷ ತುಂಬಿದ ಮಗುವಿನ ತೂಕ ಹೆಚ್ಚುಕಡಿಮೆ ಇಷ್ಟೇ. ಮುಂದಿನ ಸಾಲಿನಲ್ಲಿರುವ ನೀಲಿ ಅಂಗಿಯ ಯಜಮಾನರು ದಯವಿಟ್ಟು ಬಂದು ಇದನ್ನು ಎತ್ತಿಕೊಳ್ಳಿ. ಮಗುವನ್ನು ಎತ್ತಿಕೊಳ್ಳುವ ಹಾಗೆಯೇ ಎದೆಗೊರಗಿಸಿ ಹಿಡಿಯಿರಿ. ಭಾರವೇನೂ ಇಲ್ಲವಲ್ಲ? ನಾನು ಒಂದು ಲೆಕ್ಕ ಹೇಳಿ ಮುಗಿಸುವವರೆಗೆ ಹಾಗೆಯೇ ಇರಿ.

ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದೆ. ಊರೊಳಗಿನ ವೇಗ, ಯಾರೂ ಇದನ್ನು ಜೋರು ಎನ್ನುವುದಿಲ್ಲ. ಗೋಡೆಗೆ ಬಡಿದು, ಮುಂಭಾಗ ಅರ್ಧ ಮೀಟರಿನಷ್ಟು ನಜ್ಜುಗುಜ್ಜಾಗಿ ನಿಂತಿತು ಎಂದುಕೊಳ್ಳಿ. ಸೆಕೆಂಡಿನ ಹದಿನಾಲ್ಕನೆಯ ಒಂದು ಭಾಗದಲ್ಲಿ ಎಲ್ಲ ಮುಗಿದಿರುತ್ತದೆ. ಆ ಹೊತ್ತಿನಲ್ಲಿ ಈ ಚೀಲ ಕೈ ಜಾರದಂತೆ ಹಿಡಿಯಬೇಕಾದರೆ ತೋಳುಗಳು ಸುಮಾರು ಇನ್ನೂರು ಕಿಲೋ ಎತ್ತುವಷ್ಟು ಬಲ ಹಾಕಬೇಕು. ಅಂದರೆ 50 ಕಿಲೋದ ನಾಲ್ಕು ಮೂಟೆ. ಎಪಿಎಂಸಿಯ ಹಮಾಲರೂ ಅದನ್ನು ಒಂದೊಂದಾಗಿಯೇ ಹೊರುತ್ತಾರೆ. ಮಗುವನ್ನು ಹಿಡಿದವರು ತಾವೂ ಬೆಲ್ಟ್ ಹಾಕಿರದಿದ್ದರೆ, ಅವರ ಮೈಭಾರವೆಲ್ಲ ಅದೇ ಕೂಸಿನ ಮೇಲೆ ಬೀಳುತ್ತದೆ. ಸಾಕು ಯಜಮಾನರೇ, ಇಳಿಸಿ. ಉಪಕಾರವಾಯಿತು.

ತಾಯಿಯ ಮಡಿಲಿಗಿಂತ ಸುರಕ್ಷಿತ ಜಾಗ ಇನ್ನೊಂದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಜಗಲಿಯ ಮೇಲೆ ಅದು ನಿಜ. ಓಡುವ ಕಾರಿನಲ್ಲಿ ಅಲ್ಲ. ಈ ನಂಬಿಕೆ ಎಷ್ಟು ಗಟ್ಟಿಯೆಂದರೆ, ಅದು ಒಮ್ಮೆ ಕಾನೂನಿನ ಪುಸ್ತಕದೊಳಕ್ಕೇ ನುಸುಳಿತ್ತು. ಆ ಕಥೆ ನಡೆದದ್ದು ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ.

ಮರ್‌ಫ್ರೀಸ್‌ಬರೊ ಎಂಬ ಊರಿನಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರಿದ್ದರು. ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲೆಯ, ಆರೋಗ್ಯಾಧಿಕಾರಿಯೂ ಅವರೇ. ಲಸಿಕೆ ಹಾಕಿ ಕಾಪಾಡಿದ ಮಕ್ಕಳು ರಸ್ತೆಯಲ್ಲಿ ಸಾಯುವುದನ್ನು ನೋಡಿದ ಅವರಿಗೆ, ಮಕ್ಕಳನ್ನು ಪಟ್ಟಿ ಬಿಗಿದು ಕೂರಿಸುವ ಕಾರಿನ ಪುಟ್ಟ ಸೀಟೂ ಒಂದು ಲಸಿಕೆಯೇ ಎನ್ನಿಸಿರಬೇಕು. ಚಿಕ್ಕ ಮಕ್ಕಳನ್ನು ಕಾರಿನಲ್ಲಿ ವಿಶೇಷ ಸೀಟಿನಲ್ಲೇ ಕೂರಿಸಬೇಕೆಂಬ ಕಾನೂನು ಬೇಕೆಂದು ಹಟ ಹಿಡಿದರು. ಆಗ ಅಂಥ ಕಾನೂನು ಅಮೆರಿಕದ ಒಂದು ರಾಜ್ಯದಲ್ಲೂ ಇರಲಿಲ್ಲ. ಹೆಂಡತಿ ಪ್ಯಾಟ್ ಅವರೊಂದಿಗೆ ಸೇರಿ ಶಾಸಕರ ಬೆನ್ನು ಹತ್ತಿದರು, ರಾಜ್ಯದ ಉಳಿದ ಮಕ್ಕಳ ವೈದ್ಯರನ್ನೂ ಕಟ್ಟಿಕೊಂಡರು. ನನ್ನ ಮಗುವನ್ನು ಹೇಗೆ ಕೂರಿಸಬೇಕೆಂದು ಸರ್ಕಾರ ಹೇಳಿಕೊಡಬೇಕೇ ಎಂಬ ಗೊಣಗಾಟ ಅಲ್ಲಿಯೂ ಇತ್ತು. ಕೊನೆಗೆ 1977ರಲ್ಲಿ ಮಸೂದೆ ಪಾಸಾಯಿತು. 1978ರ ಜನವರಿ 1ರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅನ್ವಯವಾಯಿತು.

ಆದರೆ ಅದರಲ್ಲೊಂದು ತೂತು ಉಳಿದಿತ್ತು. ಮಗುವನ್ನು ದೊಡ್ಡವರು ಯಾರಾದರೂ ತೋಳಿನಲ್ಲಿ ಹಿಡಿದಿದ್ದರೆ ಸೀಟು ಬೇಕಿಲ್ಲ ಎಂಬ ತಿದ್ದುಪಡಿಯೊಂದು ಮಸೂದೆಯೊಳಗೆ ಸೇರಿಕೊಂಡಿತ್ತು. ನಾನು ಇದನ್ನು ಮಡಿಲ ವಿನಾಯಿತಿ ಎನ್ನುತ್ತೇನೆ. ಸ್ಯಾಂಡರ್ಸ್ ಇಟ್ಟ ಹೆಸರು ಇನ್ನೂ ಖಾರವಾಗಿತ್ತು: ಮಕ್ಕಳನ್ನು ಜಜ್ಜುವ ತಿದ್ದುಪಡಿ. ಕಾನೂನು ಬಂತಲ್ಲ ಎಂದು ಅವರು ಕೈಕಟ್ಟಿ ಕೂರಲಿಲ್ಲ. 1981ರಲ್ಲಿ ಆ ವಿನಾಯಿತಿ ರದ್ದಾಯಿತು. 1985ರ ಹೊತ್ತಿಗೆ ಅಮೆರಿಕದ ಐವತ್ತೂ ರಾಜ್ಯಗಳು ಇಂಥ ಕಾನೂನು ಮಾಡಿಕೊಂಡಿದ್ದವು. ಜನ ಅವರನ್ನು ‘ಡಾಕ್ಟರ್ ಸೀಟ್ ಬೆಲ್ಟ್’ ಎಂದೇ ಕರೆಯುತ್ತಿದ್ದರು.

ಕಾನೂನಿನ ಕಥೆಗಿಂತ ನನಗೆ ಹೆಚ್ಚು ಹಿಡಿಸಿದ್ದು ಅದರ ಜೊತೆಜೊತೆಗೆ ಬೆಳೆದ ಇನ್ನೊಂದು ಪದ್ಧತಿ. ಸೀಟು ದುಬಾರಿ, ಮಗು ಬೆಳೆದಂತೆ ಚಿಕ್ಕದಾಗುತ್ತದೆ, ಬಡವರು ಏನು ಮಾಡಬೇಕು? ಅಮೆರಿಕದ ಊರೂರುಗಳಲ್ಲಿ ಆಸ್ಪತ್ರೆಗಳು, ಆರೋಗ್ಯ ಕೇಂದ್ರಗಳು, ಸೇವಾ ಸಂಘಗಳು ಸೀಟುಗಳನ್ನು ಕೊಂಡಿಟ್ಟು ಎರವಲು ಕೊಡತೊಡಗಿದವು. ಹೆರಿಗೆಯಾಗಿ ಮನೆಗೆ ಹೊರಟಾಗ ಒಯ್ಯುವುದು, ಮಗುವಿಗೆ ಚಿಕ್ಕದಾದಾಗ ತಂದೊಪ್ಪಿಸುವುದು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ತೊಟ್ಟಿಲು. ನಮ್ಮ ದೊಡ್ಡಮ್ಮನ ಮನೆಯ ಅಟ್ಟದಲ್ಲೊಂದು ಬಣ್ಣದ ತೊಟ್ಟಿಲಿತ್ತು. ಅದರಲ್ಲಿ ನಾನು ಮಲಗಿದ್ದೇನೆ, ನನ್ನ ತಂಗಿಯರು ಮಲಗಿದ್ದಾರೆ, ಬೀದಿಯ ಅರ್ಧ ಮಕ್ಕಳು ಮಲಗಿದ್ದಾರೆ. ಯಾರ ಮನೆಯಲ್ಲಿ ನಾಮಕರಣವೋ ಅಲ್ಲಿಗೆ ಅದು ಹೋಗುತ್ತಿತ್ತು. ನಾಲ್ಕು ಮಕ್ಕಳು ಆಡಿ ಬೆಳೆದ ತೊಟ್ಟಿಲು ಶುಭ ಎನ್ನುತ್ತಿದ್ದರು ದೊಡ್ಡಮ್ಮ. ತೊಟ್ಟಿಲನ್ನು ಎರವಲು ಕೊಟ್ಟು ತರುವ ಸಂಕೋಚವಿಲ್ಲದ ನಮಗೆ ಕಾರಿನ ಸೀಟು ಮಾತ್ರ ಸಿರಿವಂತರ ಷೋಕಿಯಾಗಿ ಕಂಡಿದೆ. ‘ಎಳೆಗೂಸನ್ನು ಕಟ್ಟಿಹಾಕುವುದೇ?’ ಎಂದು ಅಜ್ಜಿಯರು ಗದರುತ್ತಾರೆ. ಬಾಣಂತನದಲ್ಲಿ ಅದೇ ಕೂಸನ್ನು ಕೈಕಾಲು ಆಡದಂತೆ ಬಟ್ಟೆಯಲ್ಲಿ ಸುತ್ತಿ ಮಲಗಿಸುವವರೂ ಅವರೇ.

ನಮ್ಮಲ್ಲೂ ಕಾನೂನಿಗೆ ಕೊರತೆಯಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನಂತೆ, 14 ವರ್ಷ ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ಸ್ಕೂಟರಿನಲ್ಲಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿದ್ದರೆ ಸವಾರನಿಗೆ ಬಿಗಿಯುವ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್, 40 ಕಿಲೋಮೀಟರ್ ವೇಗಮಿತಿ ಎಂದು 2022ರ ನಿಯಮ ಹೇಳುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡರು. ಮರುತಿಂಗಳೇ ಕರ್ನಾಟಕ ಪೊಲೀಸರು ಹಿಂದೆ ಕುಳಿತವರಿಗೂ ದಂಡ ಹಾಕುವ ಆದೇಶ ಹೊರಡಿಸಿದರು. ಆ ಬಿಸಿ ಎಷ್ಟು ದಿನ ಇತ್ತೆಂದು ನಿಮಗೇ ಗೊತ್ತು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಹೆಚ್ಚುಕಡಿಮೆ ಅರ್ಧದಷ್ಟು ಜನ ಚಾಲಕರಲ್ಲ, ಜೊತೆಗೆ ಕುಳಿತಿದ್ದವರು.

ನಾನೂ ದೊಡ್ಡ ಮನುಷ್ಯನೇನಲ್ಲ. ಮೂವತ್ತು ವರ್ಷ ಲಸಿಕೆ ಕಾರ್ಡ್ ತಿರುವಿ ಹಾಕಿ, ಯಾವ ಚುಚ್ಚುಮದ್ದು ಬಾಕಿ ಎಂದು ತಾಯಂದಿರನ್ನು ಗದರಿದ್ದೇನೆ. ಆಸ್ಪತ್ರೆಗೆ ಮಗುವನ್ನು ಹೇಗೆ ಕರೆತಂದಿರಿ ಎಂದು ಒಬ್ಬರನ್ನೂ ಕೇಳಲಿಲ್ಲ. ನನ್ನ ಮಗಳನ್ನು ಮನೆಗೆ ತಂದದ್ದೂ ಮುಂದಿನ ಸೀಟಿನಲ್ಲಿ, ಅವಳಮ್ಮನ ಮಡಿಲಿನಲ್ಲಿಯೇ.

ಹೋದ ವರ್ಷ ಅದೇ ಮಗಳು ಬಾಣಂತಿಯಾಗಿ ಬಂದಾಗ ಸೀಟು ಕೊಂಡು ತಂದೆ. ಬೆಲ್ಟ್ ಸಿಕ್ಕಿಸಲು ನೋಡಿದರೆ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಬಕಲ್ಲೇ ಇಲ್ಲ! ಕಾರು ಕೊಂಡಾಗ ಹಾಕಿಸಿದ ಸೀಟ್ ಕವರಿನ ಅಡಿಯಲ್ಲಿ ಅದು ಆರು ವರ್ಷದಿಂದ ಹುದುಗಿತ್ತು. ಮಂಡಿಯೂರಿ, ಕೈ ತೂರಿಸಿ, ಹೊಲಿಗೆ ಬಿಚ್ಚಿ ಎಳೆದಾಗ ಮೊದಲು ಬಂದದ್ದು ಒಂದು ಹೇರ್‌ಪಿನ್, ಆಮೇಲೆ ಒಣಗಿದ ಕೋಡುಬಳೆಯ ತುಂಡು, ಕೊನೆಗೆ ಬಕಲ್. ಇಂದು ಮನೆಗೆ ಹೋದ ಮೇಲೆ ನಿಮ್ಮ ಕಾರಿನಲ್ಲೂ ಕೈ ಹಾಕಿ ನೋಡಿ.

ಸೀಟು ಇದ್ದ ಮಾತ್ರಕ್ಕೆ ಆಗಲಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ ಅಲ್ಲಿಯೇ ಶೇ 46ರಷ್ಟು ಸೀಟುಗಳ ಬಳಕೆ ತಪ್ಪಾಗಿರುತ್ತದೆ. ಅದಕ್ಕೇ ಅಲ್ಲಿ ತರಬೇತಾದವರು ಅಗ್ನಿಶಾಮಕ ಠಾಣೆಯಲ್ಲೋ ಅಂಗಡಿಯ ಪಾರ್ಕಿಂಗ್ ಜಾಗದಲ್ಲೋ ನಿಂತು, ಬಂದವರ ಸೀಟುಗಳನ್ನು ಬಿಗಿದು ಕೊಡುತ್ತಾರೆ. ಬೆಲ್ಟ್ ಹಾಯುವ ಕಡೆ ಹಿಡಿದು ಅಲ್ಲಾಡಿಸಿದರೆ ಸೀಟು ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಹಸುಗೂಸಿನ ಮುಖ ಕಾರಿನ ಹಿಂಬದಿಗೆ ಇರಬೇಕು. ಅಂಥ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಜಾಗದಲ್ಲಿ ಎಂದೂ ಇಡಬಾರದು. ಏರ್‌ಬ್ಯಾಗಿನ ಬಲೂನು ಸಿಡಿದು ಬಡಿಯುವುದು ನೇರ ಮಗುವಿನ ತಲೆ ಒರಗಿರುವ ಸೀಟಿನ ಬೆನ್ನಿಗೆ. ಹಾಲು ಕುಡಿಸಬೇಕಾದರೆ ಕಾರು ನಿಲ್ಲಿಸಿ. ತವರಿಗೆ ಅರ್ಧ ಗಂಟೆ ತಡವಾಗಿ ತಲುಪಿದರೆ ಆರತಿ ತಟ್ಟೆ ಕಾಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸೀಟು ದೊಡ್ಡಮ್ಮನ ತೊಟ್ಟಿಲಿನಂತಲ್ಲ. ಅಪಘಾತ ಕಂಡ ಸೀಟನ್ನು ಇನ್ನೊಬ್ಬರಿಗೆ ದಾಟಿಸಬಾರದು, ಹೊರಗೆ ಬಿರುಕು ಕಾಣದಿದ್ದರೂ. ಅಡಿಯಲ್ಲಿ ತಯಾರಾದ ದಿನಾಂಕ ಇರುತ್ತದೆ, ಅವಧಿ ಮೀರಿದ್ದೂ ಬೇಡ.

ನನ್ನ ಮೊಮ್ಮಗನಿಗೆ ಚಿಕ್ಕದಾದ ಸೀಟು ಬಾಗಿಲ ಬಳಿ ಇದೆ. ಪಕ್ಕದಲ್ಲಿರುವ ಇನ್ನೆರಡನ್ನು ಕೊಟ್ಟವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳಬಾರದೆಂದಿದ್ದಾರೆ. ಮೂರರ ಪೂರ್ವಾಪರವೂ ನಮಗೆ ಗೊತ್ತು. ಮೇಜಿನ ಮೇಲೆ ನೋಟ್‌ಬುಕ್ ಇಟ್ಟಿದ್ದೇನೆ. ಮಗುವಿನ ತೂಕ, ಒಯ್ದ ದಿನ, ಫೋನ್ ನಂಬರ್ ಬರೆದು ತೆಗೆದುಕೊಂಡು ಹೋಗಬಹುದು. ಬಿಗಿಯುವುದು ಹೇಗೆಂದು ಹೊರಗೆ ಬೇವಿನ ಮರದ ಕೆಳಗೆ ನಿಂತಿರುವ ನನ್ನ ಕಾರಿನಲ್ಲೇ ತೋರಿಸುತ್ತೇನೆ. ಅಕ್ಕಿ ಚೀಲವನ್ನೂ ತನ್ನಿ ಯಜಮಾನರೇ, ಮೊದಲು ಅದನ್ನೇ ಕೂರಿಸೋಣ.