ಪಾಪ, ಹೆಣ್ಣಂತೆ

ನಮಸ್ಕಾರ. ಮೊನ್ನೆ ಮೈಸೂರಿನ ದೇವರಾಜ ಮಾರ್ಕೆಟ್ ಹತ್ತಿರ ಒಬ್ಬರು ಸ್ಕೂಟರಿನಿಂದ ಜಾರಿ ಬಿದ್ದರು. ಚೀಲದಲ್ಲಿದ್ದ ವೀಳ್ಯದೆಲೆ ರಸ್ತೆ ತುಂಬಾ. ಹೂವಿನಂಗಡಿಯಾಕೆ 'ಅಯ್ಯೋ ಪಾಪ' ಅಂತ ಓಡಿಬಂದರು. ನಮ್ಮಲ್ಲಿ ತಪ್ಪು ಮಾಡಿದರೂ ಪಾಪ, ಬಿದ್ದವರನ್ನು ಕಂಡರೂ ಪಾಪ. ಚರ್ಚಿನಲ್ಲಿ ಫಾದರ್ 'ನಾವೆಲ್ಲ ಪಾಪಿಗಳು' ಅಂದಾಗ ನನಗೆ ಎರಡೂ ಒಟ್ಟಿಗೇ ಕೇಳಿಸುತ್ತವೆ.

ಹಳೆಯ ಕಾಲದ ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ರಾತ್ರೋರಾತ್ರಿ ಪೇರ್ ಹಣ್ಣು ಕದ್ದ. ಹಸಿವಿಗಲ್ಲ, ಸುಮ್ನೆ. ಕದ್ದದ್ದನ್ನು ಹಂದಿಗಳಿಗೆ ಎಸೆದರು. ಬಿಷಪ್ ಆದ ಮೇಲೆ, ಕ್ರಿ.ಶ. 400ರ ಆಸುಪಾಸಿನಲ್ಲಿ, ಅದನ್ನೇ ಕೆದಕಿ ಬರೆದ: ಒಬ್ಬನೇ ಆಗಿದ್ದರೆ ಕದಿಯುತ್ತಿರಲಿಲ್ಲ ಅಂತ.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಇದಕ್ಕೆ ಹತ್ತಿರದ್ದನ್ನೇ ಪರೀಕ್ಷಿಸಿದರು: ಬೇರೆಯವರ ಒತ್ತಡಕ್ಕೆ ಮನುಷ್ಯ ಎಷ್ಟು ಬಗ್ಗುತ್ತಾನೆ? ಪಕ್ಕದ ಕೋಣೆಯವನಿಗೆ ಕರೆಂಟ್ ಕೊಡಿ, ಮುಂದುವರಿಸಿ ಅಂತ ಮೇಲಿನವರು ಹೇಳುತ್ತಾ ಹೋದರೆ? 40 ಜನರಲ್ಲಿ 26 ಮಂದಿ 450 ವೋಲ್ಟ್ ಗುಂಡಿಯವರೆಗೂ ಒತ್ತಿದರು. ಕರೆಂಟ್ ಇರಲೇ ಇಲ್ಲ, ಅದು ಅವರಿಗೆ ಗೊತ್ತಿರಲಿಲ್ಲ.

ಇಂಥದ್ದನ್ನು ಓದದೆ ಪಾಪದ ಬಗ್ಗೆ ಪ್ರಸಂಗ ಮಾಡುವುದು ನನಗೆ ಸೋಮಾರಿತನ ಅನಿಸುತ್ತದೆ. ಆದರೆ ಮನಃಶಾಸ್ತ್ರ 'ಹೇಗಾಯಿತು' ಅಂತ ಹೇಳಿ ನಿಲ್ಲುತ್ತದೆ. 'ಇದರಲ್ಲಿ ನನ್ನ ಪಾಲೆಷ್ಟು' ಅಂತ ಕೇಳುವ ಅಭ್ಯಾಸ ಇರುವುದು ಥಿಯಾಲಜಿಗೆ, ಅಂದರೆ ದೇವತಾಶಾಸ್ತ್ರಕ್ಕೆ. ಪಾಪನಿವೇದನೆಗೆ ಮಂಡಿಯೂರಿದವರಿಗೆ ಅದು ಗೊತ್ತು.

2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಸುದ್ದಿ ಬಂತು. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ! 1994ರಲ್ಲೇ ಇದರ ವಿರುದ್ಧ ಕಾನೂನು ಬಂದಿದೆ. ಕಾನೂನು ಯಂತ್ರ ಇಟ್ಟವರನ್ನು ಹಿಡಿಯುತ್ತದೆ, ಹಿಡಿಯಲಿ. ಸಮಾಜಶಾಸ್ತ್ರದವರು ವರದಕ್ಷಿಣೆ, ಜಮೀನಿನ ಪಾಲು, ಗಂಡುಮಗನ ಆಸೆ ಅಂತ ಲೆಕ್ಕ ಬಿಡಿಸುತ್ತಾರೆ. ಲ್ಯಾಟಿನ್ ಅಮೆರಿಕದ ಬಿಷಪ್‌ಗಳು 1968ರಲ್ಲಿ ಕೊಲಂಬಿಯಾದ ಮೆಡೆಲಿನ್‌ನಲ್ಲಿ ಸೇರಿ, ಸಮಾಜದ ಅನ್ಯಾಯದ ಸ್ಥಿತಿಯನ್ನೂ ಪಾಪದ ಸ್ಥಿತಿ ಎಂದೇ ಕರೆದಿದ್ದರು. ಆ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ನನಗೊಂದು ಭಯವೂ ಇದೆ. 'ಎಲ್ಲರೂ ಪಾಪಿಗಳು' ಅನ್ನುವುದು ತಪ್ಪಿಸಿಕೊಳ್ಳಲು ಭಾರಿ ಅನುಕೂಲ. ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ, ಅಲ್ವಾ? ಹಾಗಾಗಿ ನನ್ನದನ್ನು ಹೇಳಿಬಿಡುತ್ತೇನೆ. ನಾನು ಯಾವ ಆಲೆಮನೆಯನ್ನೂ ಹೊಕ್ಕಿಲ್ಲ. ಆದರೆ ಹೋದ ವರ್ಷ ನೆಂಟರ ಮನೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಹಿತ್ತಲಲ್ಲಿ ಯಾರೋ 'ಪಾಪ, ಮೂರನೆಯದೂ ಹೆಣ್ಣಂತೆ' ಅಂದರು. ನಾನೂ ಲೊಚಗುಟ್ಟಿದೆ. ಒಳಗೆ ಆಕೆಗೆ ಕೇಳಿಸಿತ್ತು.