ಲಾಂಗ್ ಡಾರ್ಕ್: ಹೊಗಳುವವರೂ ಬೈಯುವವರೂ ಆಡುವುದು ಒಂದೇ ಗೇಮಾ?

[ಪರದೆ: ಹಿಮ ಬೀಳುತ್ತಿರುವ ಕಾಡು. ಗಾಳಿಯ ಸದ್ದು ಮಾತ್ರ.]

ಕೈಯಲ್ಲಿ ಮೂರೇ ಬೆಂಕಿಕಡ್ಡಿ. ಬ್ಯಾಗಲ್ಲಿ ಈಗಷ್ಟೇ ಕೊಯ್ದ ಜಿಂಕೆ ಮಾಂಸ. ಅದರ ವಾಸನೆ ಹಿಡಿದು ತೋಳ ಬರುತ್ತದೆ ಅಂತ ಗೊತ್ತು. ಮೊದಲ ಕಡ್ಡಿ ಗೀರಿದೆ, ಬೆಂಕಿ ಹಿಡಿಯಲಿಲ್ಲ. ಎರಡನೆಯದಕ್ಕೆ ಹಿಡಿಯಿತು, ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿ ಆರಿಸಿಬಿಟ್ಟಿತು. ಮೂರನೆಯದೂ ಸುಮ್ನೆ ಹೋಯಿತು. ಬೆಳಗಾಗುವ ಮೊದಲೇ ಚಳಿಗೆ ಸತ್ತೆ. 53 ದಿನದ ಆಟ, ಸೇವ್ ಫೈಲ್ ಕೂಡ ಅಳಿಸಿಹೋಯಿತು.

ಇದು ದಿ ಲಾಂಗ್ ಡಾರ್ಕ್, ಹಿಮದ ಕಾಡಲ್ಲಿ ಬದುಕುಳಿಯಬೇಕಾದ ವಿಡಿಯೋ ಗೇಮ್. ಇಲ್ಲಿ ಜೋಂಬಿ ಇಲ್ಲ, ರಾಕ್ಷಸರಿಲ್ಲ. ಚಳಿ, ಹಸಿವು, ದಾಹ, ಆಯಾಸ, ಜೊತೆಗೆ ತೋಳ, ಕರಡಿ. ಅಷ್ಟೇ.

ಮಾಡಿದವರು ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋದವರು. ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡಿ ಬಂದ ರಾಫೆಲ್ ವ್ಯಾನ್ ಲೀರಾಪ್ ಇದನ್ನು ಶುರು ಮಾಡಿದರು. 2013ರಲ್ಲಿ, ಜನರಿಂದ ಮುಂಗಡವಾಗಿ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಸೈಟ್‌ನಲ್ಲಿ 2 ಲಕ್ಷ ಕೆನಡಾ ಡಾಲರ್ ಕೇಳಿದರು, ಎರಡೂವರೆ ಲಕ್ಷಕ್ಕೂ ಜಾಸ್ತಿ ಬಂತು. 2014ರ ಸೆಪ್ಟೆಂಬರ್‌ನಲ್ಲಿ ಅರ್ಲಿ ಆಕ್ಸೆಸ್, ಅಂದರೆ ಪೂರ್ತಿ ಮುಗಿಯುವ ಮೊದಲೇ ಮಾರಾಟ. ಆಗ ಇದ್ದದ್ದು ಸರ್ವೈವಲ್ ಮೋಡ್ ಮಾತ್ರ: ಕಥೆ ಇಲ್ಲ, ಗುರಿ ಇಲ್ಲ, ಎಷ್ಟು ದಿನ ಬದುಕುತ್ತೀರಿ ನೋಡೋಣ.

ಆದರೆ ಹಣ ಕೇಳುವಾಗ ಮಾತು ಕೊಟ್ಟದ್ದು ಕಥೆಯ ಬಗ್ಗೆ. ಈ ಗೇಮನ್ನು ಹೊಗಳುವವರಿಗೂ ಬೈಯುವವರಿಗೂ ನಡುವೆ ಇರುವ ಎಲ್ಲ ಜಗಳದ ಬೇರು ನನ್ನ ಪ್ರಕಾರ ಇಲ್ಲೇ ಇದೆ.

[ಪರದೆ: ವರ್ಷಗಳು ಒಂದೊಂದಾಗಿ ಮೂಡುತ್ತವೆ.]

ಕಥೆಯ ಹೆಸರು ವಿಂಟರ್‌ಮ್ಯೂಟ್. ಒಟ್ಟು ಐದು ಎಪಿಸೋಡ್. ಮೊದಲೆರಡು 2017ರ ಆಗಸ್ಟ್ 1ರಂದು ಬಂದವು. ಪೈಲಟ್ ವಿಲ್ ಮೆಕೆಂಜಿಯ ವಿಮಾನ ಬೀಳುತ್ತದೆ, ಜೊತೆಗಿದ್ದ ಡಾಕ್ಟರ್ ಆಸ್ಟ್ರಿಡ್ ಕಾಣೆ. ಹುಡುಕುತ್ತಾ ಊರಿಗೆ ಬಂದರೆ ಗ್ರೇ ಮದರ್ ಅನ್ನುವ ಕುರುಡು ಅಜ್ಜಿ ಸಿಗುತ್ತಾಳೆ. ಸೌದೆ ತಂದುಕೊಡು, ಊಟ ತಂದುಕೊಡು. ಅಮ್ಮ ಅಂಗಡಿಗೆ ಕಳಿಸಿದ ಹಾಗೆ ಓಡಾಡಿದ್ದೇ ಓಡಾಡಿದ್ದು. ಆಡಿದವರು ಗೊಣಗಿದರು. ಸ್ಟುಡಿಯೋ ಕೇಳಿಸಿಕೊಂಡಿತು, 2018ರ ಡಿಸೆಂಬರ್‌ನಲ್ಲಿ ಆ ಎರಡೂ ಎಪಿಸೋಡ್‌ಗಳನ್ನು ಹೊಸದಾಗಿ ಮಾಡಿ ಕೊಟ್ಟಿತು. ಒಳ್ಳೆಯದೇ. ಆದರೆ ಕಥೆ ಮುಂದೆ ಹೋಗಲಿಲ್ಲ, ಅಲ್ವಾ? ಮೂರನೆಯದು 2019ರಲ್ಲಿ, ನಾಲ್ಕನೆಯದು 2021ರಲ್ಲಿ. ಐದನೆಯದಕ್ಕೆ ಮತ್ತೆ ವರ್ಷಗಟ್ಟಲೆ ಕಾಯಬೇಕಾಯಿತು. ಅದು ಬರುವ ಮೊದಲೇ, 2024ರ ಡಿಸೆಂಬರ್‌ನಲ್ಲಿ, ಇದರ ಎರಡನೇ ಭಾಗವಾಗಿ ಬ್ಲ್ಯಾಕ್‌ಫ್ರಾಸ್ಟ್ ಅನ್ನುವ ಇನ್ನೊಂದು ಗೇಮ್ ಘೋಷಿಸಿದರು. 2013ರಲ್ಲಿ ದುಡ್ಡು ಕೊಟ್ಟವರಿಗೆ ಹೇಗಾಗಿರಬೇಡ!

ಸರ್ವೈವಲ್ ಆಡುವವರ ಅನುಭವವೇ ಬೇರೆ. ಅವರಿಗೆ ವರ್ಷಾನುಗಟ್ಟಲೆ ಹೊಸ ಜಾಗ, ಹೊಸ ವಸ್ತು ಬಿಟ್ಟಿ ಸಿಕ್ಕಿತು. ಜೊತೆಗೆ ಸ್ಟುಡಿಯೋಗೂ ಆಟಗಾರರಿಗೂ ಒಂದು ಹಾವು ಏಣಿ ಆಟ. ಉದಾಹರಣೆಗೆ, ಹಗಲೆಲ್ಲಾ ಉಪವಾಸ ಇದ್ದು ಮಲಗುವ ಮುಂಚೆ ಸ್ವಲ್ಪ ತಿಂದರೆ ಸಾಕು, ನಿದ್ದೆಯಲ್ಲಿ ಆರೋಗ್ಯ ಸರಿಹೋಗುತ್ತದೆ ಅಂತ ಜನ ಕಂಡುಹಿಡಿದರು. ಊಟದ ಖರ್ಚು ಅರ್ಧ! ಅದಕ್ಕೆ ಸ್ಟುಡಿಯೋ ಬೈಯಲಿಲ್ಲ, ಆಸೆ ತೋರಿಸಿತು: ಮೂರು ದಿನ ಹಸಿವಿಲ್ಲದೆ ಇದ್ದರೆ 30 ಕಿಲೋ ಹೊರುವ ಕಡೆ 35 ಕಿಲೋ ಹೊರಬಹುದು. ಮನೆಯೊಳಗೇ ಕೂತು ದಿನ ದೂಡುವವರಿಗೆ ಕ್ಯಾಬಿನ್ ಫೀವರ್ ಅನ್ನುವ ಕಾಯಿಲೆ ಬರುತ್ತದೆ. ಬಂದರೆ ಒಳಗೆ ನಿದ್ದೆ ಮಾಡಲು ಬಿಡುವುದಿಲ್ಲ, ಚಳಿಯಲ್ಲಿ ಹೊರಗೇ ಮಲಗಬೇಕು. ಇದಕ್ಕೂ ಜನ ಸಿಟ್ಟಾದರು. ನನಗಂತೂ ಇದು ಸರಿಯಾದ ಕಿತಾಪತಿ ಅನ್ನಿಸಿತು.

2022ರ ಡಿಸೆಂಬರ್‌ನಲ್ಲಿ ಕಥೆ ಮತ್ತು ಸರ್ವೈವಲ್ ಎರಡನ್ನೂ ಬೇರೆ ಮಾಡಿದರು. ಅಲ್ಲಿಯವರೆಗೆ ಒಂದನ್ನು ತಿದ್ದಿದರೆ ಇನ್ನೊಂದು ಕೆಡುವ ಭಯ ಇತ್ತು. ಅದೇ ಹೊತ್ತಿಗೆ ಟೇಲ್ಸ್ ಫ್ರಮ್ ದ ಫಾರ್ ಟೆರಿಟರಿ ಅಂತ ದುಡ್ಡು ಕೊಟ್ಟು ತಗೊಳ್ಳುವ ವಿಸ್ತರಣೆ ಶುರುವಾಯಿತು, ಅದೂ ಕಂತು ಕಂತಾಗಿ. ಎಂಟು ವರ್ಷ ಬಿಟ್ಟಿ ಕೊಟ್ಟಿದ್ದಾರೆ, ಈಗ ಕೇಳಿದರೆ ತಪ್ಪೇನು ಅಂದವರು ಒಂದು ಕಡೆ. ಮೊದಲು ಕಥೆ ಮುಗಿಸಿ, ಆಮೇಲೆ ಅಂಗಡಿ ಇಡಿ ಅಂದವರು ಇನ್ನೊಂದು ಕಡೆ. ನಾನು ವಿಸ್ತರಣೆಯನ್ನು ಖುಷಿಯಿಂದಲೇ ಕೊಂಡೆ. ಆದರೂ ಎರಡನೇ ಗುಂಪಿನ ಮಾತು ನ್ಯಾಯವಾದದ್ದು ಅಂತಲೇ ಹೇಳುತ್ತೇನೆ.

[ಪರದೆ: ಆಟದ ಶುರುವಿನ ಮೆನು.]

ತಗೊಳ್ಳಬೇಕು ಅಂತಿದ್ದರೆ ಸರ್ವೈವಲ್‌ಗಾಗಿ ತಗೊಳ್ಳಿ. ಪಿಲ್‌ಗ್ರಿಮ್ ಅನ್ನುವ ಸುಲಭದ ಮಟ್ಟದಲ್ಲೇ ಶುರು ಮಾಡಿ, ಅಲ್ಲಿ ನಿಮ್ಮನ್ನು ಕಂಡರೆ ತೋಳವೇ ಓಡುತ್ತದೆ. ಇಂಟರ್‌ಲೋಪರ್ ಅನ್ನುವ ಕಷ್ಟದ ಮಟ್ಟದ ಹತ್ತಿರ ಸದ್ಯಕ್ಕೆ ಹೋಗಬೇಡಿ. ಅಲ್ಲಿ ಬಂದೂಕೇ ಸಿಗುವುದಿಲ್ಲ, ಚಾಕು ಬೇಕಾದರೂ ಕುಲುಮೆಯಲ್ಲಿ ನೀವೇ ಬಡಿದು ಮಾಡಿಕೊಳ್ಳಬೇಕು.

ನಾನು ಸತ್ತ ರಾತ್ರಿಯೇ ಹೊಸ ಆಟ ಶುರು ಮಾಡಿದೆ. ಈ ಸಲ ಒಂದು ಭೂತಗನ್ನಡಿ ಸಿಕ್ಕಿದೆ. ಬಿಸಿಲಿದ್ದರೆ ಕಡ್ಡಿ ಇಲ್ಲದೆಯೂ ಬೆಂಕಿ ಹಚ್ಚಬಹುದು. ಮೂರು ದಿನದಿಂದ ಮೋಡ.