ಸೂಪರ್ ಬೌಲ್ ಗೆಲ್ಲೋಕೆ ಸೂಪರ್ ಕ್ವಾರ್ಟರ್‌ಬ್ಯಾಕ್ ಬೇಕೇ ಬೇಕಾ?

[ಸ್ಕ್ರೀನ್ ಮೇಲೆ: 12, 15, 3, 6, 6]

ಈ ಐದು ಅಂಕಿ ನೋಡಿ. 2000ದ ಸೀಸನ್‌ನಲ್ಲಿ ಬಾಲ್ಟಿಮೋರ್ ರೇವನ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ತಂಡ ಸತತ ಐದು ಮ್ಯಾಚ್‌ಗಳಲ್ಲಿ ಗಳಿಸಿದ ಪಾಯಿಂಟ್ಸ್ ಇವು. ಒಂದೂ ಟಚ್‌ಡೌನ್ ಇಲ್ಲ, ಅಂದರೆ ಬಾಲನ್ನು ಎದುರಾಳಿಯ ಕೊನೆ ಗೆರೆ ದಾಟಿಸಿದ್ದೇ ಇಲ್ಲ. ಎಲ್ಲವೂ ಮ್ಯಾಟ್ ಸ್ಟೋವರ್ ಅನ್ನೋ ಕಿಕ್ಕರ್ ಮೂರು ಮೂರಾಗಿ ಒದ್ದು ತಂದಿದ್ದು. ಆ ಸಲ ಸೂಪರ್ ಬೌಲ್, ಅಂದರೆ NFL ಲೀಗ್‌ನ ಫೈನಲ್, ಗೆದ್ದಿದ್ದು ಇದೇ ತಂಡ.

ನಮಸ್ಕಾರ! ಹೋದ ವಿಡಿಯೋ ಆದಮೇಲೆ ನಿಮ್ಮಲ್ಲಿ ತುಂಬಾ ಜನ ಕೇಳಿದ್ದು ಒಂದೇ: ಕಪ್ ಗೆಲ್ಲೋಕೆ ಮಹಾನ್ ಕ್ವಾರ್ಟರ್‌ಬ್ಯಾಕ್ ಇರಲೇಬೇಕಾ? ಅಮೆರಿಕನ್ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಹತ್ತೇ ಸೆಕೆಂಡ್: ಬಾಲ್ ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ, ಎಸೆಯಬೇಕಾ, ಪಕ್ಕದವನ ಕೈಗಿಟ್ಟು ಓಡಿಸಬೇಕಾ ಅಂತ ನೋಡಿಕೊಳ್ಳುವವನು ಇವನು. ಅಷ್ಟು ಸಾಕು.

ರೇವನ್ಸ್‌ಗೆ ವಾಪಸ್ ಬರೋಣ, ಈ ಕಥೆ ನನಗೆ ಎಷ್ಟು ಹೇಳಿದರೂ ಸಾಕಾಗುವುದಿಲ್ಲ. ಆ ಐದು ಮ್ಯಾಚ್‌ಗಳಲ್ಲಿ ಎರಡನ್ನು ಗೆದ್ದರು! 12-0, 15-10. ಹೇಗೆ? ಎದುರಾಳಿಗೆ ಸ್ಕೋರ್ ಮಾಡೋಕೆ ಬಿಟ್ಟರೆ ತಾನೇ. 16 ಮ್ಯಾಚ್‌ಗಳಲ್ಲಿ ಇವರು ಬಿಟ್ಟುಕೊಟ್ಟಿದ್ದು ಬರೀ 165 ಪಾಯಿಂಟ್ಸ್, 16 ಮ್ಯಾಚ್ ಸೀಸನ್‌ಗಳಲ್ಲಿ ಅದೇ ದಾಖಲೆ. ಮಧ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಟೋನಿ ಬ್ಯಾಂಕ್ಸ್‌ನನ್ನು ಕೂರಿಸಿ ಟ್ರೆಂಟ್ ಡಿಲ್ಫರ್‌ನನ್ನು ಇಳಿಸಿದರು. ಡಿಲ್ಫರ್ ಮಹಾನ್ ಆಟಗಾರನಾ? ಖಂಡಿತ ಅಲ್ಲ. ಮೊದಲ ಮ್ಯಾಚ್ ಸೋತ, ಆಮೇಲೆ ಸತತ 11 ಗೆಲುವು. ಫೈನಲ್‌ನಲ್ಲಿ 25 ಸಲ ಎಸೆದ, ಕೈ ಸೇರಿದ್ದು 12. ಆದರೂ 34-7. ಎದುರಾಳಿ ಜೈಂಟ್ಸ್‌ಗೆ ಸಿಕ್ಕ ಆ 7 ಕೂಡ ಅವರಲ್ಲೊಬ್ಬ ಕಿಕ್‌ಆಫ್‌ನಲ್ಲಿ ಒದ್ದ ಬಾಲ್ ಹಿಡಿದು ಓಡಿದ್ದರಿಂದ ಬಂದಿದ್ದು, ರೇವನ್ಸ್ ಡಿಫೆನ್ಸ್ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ಇನ್ನೂ ತಮಾಷೆ ಅಂದರೆ ಇವರ ಕೋಚ್ ಬ್ರಯಾನ್ ಬಿಲಿಕ್ ಹೆಸರು ಮಾಡಿದ್ದು ಮಿನೆಸೋಟಾದಲ್ಲಿ ರಾಶಿ ರಾಶಿ ಪಾಯಿಂಟ್ಸ್ ತರಿಸಿ!

ಮದುವೆ ಮನೆ ಅಡುಗೆ ನೆನೆಸಿಕೊಳ್ಳಿ. ತರಕಾರಿ ತಾಜಾ, ತುಪ್ಪ ಒಳ್ಳೆಯದು, ಹೆಚ್ಚುವವರು, ಬಡಿಸುವವರು ಎಲ್ಲ ಚುರುಕು. ಆಗ ಭಟ್ಟರು ಸಾರು ತಳ ಹಿಡಿಸದಿದ್ದರೆ ಸಾಕು, ಊಟ ಗೆದ್ದ ಹಾಗೇ. ಡಿಲ್ಫರ್ ತಳ ಹಿಡಿಸಲಿಲ್ಲ. ಈಗ ಉಲ್ಟಾ ನೋಡಿ: ಭಟ್ಟರು ರಾಜ್ಯಕ್ಕೇ ಹೆಸರುವಾಸಿ, ಅವರ ಫೀಸ್ ಕೊಟ್ಟಮೇಲೆ ತುಪ್ಪಕ್ಕೆ ದುಡ್ಡಿಲ್ಲ. ಸುಮ್ನೆ ಹೇಳುತ್ತಿಲ್ಲ. ಈ ಲೀಗ್‌ನಲ್ಲಿ ಪ್ರತಿ ತಂಡದ ಸಂಬಳಕ್ಕೂ ಮಿತಿ ಇದೆ, 2024ರಲ್ಲಿ ಸುಮಾರು 25.5 ಕೋಟಿ ಡಾಲರ್. ಅದೇ ವರ್ಷ ಡ್ಯಾಕ್ ಪ್ರೆಸ್ಕಾಟ್ ಅನ್ನೋ ಕ್ವಾರ್ಟರ್‌ಬ್ಯಾಕ್ ಸಹಿ ಹಾಕಿದ್ದು ವರ್ಷಕ್ಕೆ ಸರಾಸರಿ 6 ಕೋಟಿಗೆ. ಉಳಿದಿದ್ದರಲ್ಲಿ ಐವತ್ತಕ್ಕೂ ಜಾಸ್ತಿ ಜನರನ್ನು ಸಾಕಬೇಕು. ಅದಕ್ಕೇ 2013ರ ಸಿಯಾಟಲ್ ಲೆಕ್ಕ ಅಷ್ಟು ಚೆನ್ನಾಗಿತ್ತು. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ ಸಿಕ್ಕ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಸಂಬಳ 10 ಲಕ್ಷ ಡಾಲರ್ ಕೂಡ ಇರಲಿಲ್ಲ, ಉಳಿದ ದುಡ್ಡೆಲ್ಲ ಬೇರೆ ಕಡೆ. ಆ ಸೀಸನ್‌ನಲ್ಲಿ 55 ಟಚ್‌ಡೌನ್ ಎಸೆದಿದ್ದ ಪೇಟನ್ ಮ್ಯಾನಿಂಗ್ ತಂಡವನ್ನು ಫೈನಲ್‌ನಲ್ಲಿ 43-8ಕ್ಕೆ ಮಲಗಿಸಿದರು.

ಟೈಮ್ ಆಗ್ತಾ ಬಂತು, ಬೇಗ ಬೇಗ ಹೇಳುತ್ತೇನೆ. ಅದೇ ಮ್ಯಾನಿಂಗ್ 2015ರಲ್ಲಿ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್ (ಎಸೆದ ಬಾಲ್ ಎದುರಾಳಿ ಕೈ ಸೇರಿದ್ದು) ಅನ್ನೋ ಹೀನಾಯ ಲೆಕ್ಕದಲ್ಲಿ ಕಪ್ ಎತ್ತಿದ, ಎತ್ತಿಸಿದ್ದು ವಾನ್ ಮಿಲ್ಲರ್ ಇದ್ದ ಡಿಫೆನ್ಸ್. 2018ರ ಫೆಬ್ರವರಿಯ ಫೈನಲ್‌ನಲ್ಲಿ ಟಾಮ್ ಬ್ರೇಡಿ 505 ಯಾರ್ಡ್ ಎಸೆದೂ ನಿಕ್ ಫೋಲ್ಸ್ ಎಂಬ ಬದಲಿ ಕ್ವಾರ್ಟರ್‌ಬ್ಯಾಕ್ ಮುಂದೆ ಸೋತ.

ಹಾಗಂತ ಹೀರೋ ಬೇಡ ಅಂತಲ್ಲ. ಬ್ರೇಡಿ ಹತ್ತಿರ 7 ಕಪ್, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಹತ್ತಿರ 3. ನನ್ನ ಪ್ರಕಾರ ಒಂದು ಸಲ ಗೆಲ್ಲೋಕೆ ಡಿಲ್ಫರ್ ಸಾಕು, ವರ್ಷ ವರ್ಷ ಫೈನಲ್‌ಗೆ ಬರೋಕೆ ಆಗಲ್ಲ. ಅಂಥ ಡಿಫೆನ್ಸ್ ಎಲ್ಲಿ ಪದೇ ಪದೇ ಸಿಗುತ್ತದೆ ಹೇಳಿ?

ರೇವನ್ಸ್‌ಗೂ ಹಾಗೇ ಅನಿಸಿರಬೇಕು. ಕಪ್ ಗೆದ್ದ ಮೇಲೆ ಡಿಲ್ಫರ್‌ನನ್ನು ಉಳಿಸಿಕೊಳ್ಳಲಿಲ್ಲ, ಎಲ್ವಿಸ್ ಗರ್ಬಾಕ್‌ನನ್ನು ತಂದರು. ಮುಂದಿನ ಸೀಸನ್ ಪ್ಲೇಆಫ್‌ನಲ್ಲಿ ಪಿಟ್ಸ್‌ಬರ್ಗ್ ಕೈಲಿ 27-10ಕ್ಕೆ ಸೋತು ಮನೆಗೆ ಹೋದರು.